ಗವಿ ಕರಡಿ ಹಲ್ಲು ಕೂಡಿಡೋದು ಕಲಿತದ್ದು – ನನ್ನ ಅನುಭವ

ಗವಿ ಕರಡಿ ಅಂದ್ರೆ ಹಿಮಯುಗದಲ್ಲಿ ಯುರೋಪಲ್ಲಿದ್ದ, ಈಗ ಅಳಿದುಹೋಗಿರೋ ದೊಡ್ಡ ಕರಡಿ. ನನ್ನ ಮೊದಲನೇ ಗವಿ ಕರಡಿ ಹಲ್ಲು ಸೀಳಿದ್ದು ಒಂದು ಜನವರಿ ರಾತ್ರಿ. ಕೋರೆಹಲ್ಲು ಅದು, ಬೇರು ಸೇರಿ ಹತ್ತಿರ ಹತ್ತಿರ ಹತ್ತು ಸೆಂಟಿಮೀಟರ್, ತಂದು ಮೂರು ದಿನ ಆಗಿತ್ತಷ್ಟೇ, ನಲ್ಲಿ ನೀರಲ್ಲಿ ತೊಳೆದು ಚೆನ್ನಾಗಿ ಒಣಗ್ಲಿ ಅಂತ ರೂಮ್ ಹೀಟರ್ ಮೇಲಿನ ಶೆಲ್ಫಲ್ಲಿ ಇಟ್ಟಿದ್ದೆ. ಟಪ್ ಅಂತ ಸದ್ದಾಯ್ತು, ಎದ್ದು ಲೈಟ್ ಹಾಕಿ ನೋಡಿದ್ರೆ ಬೇರಿನ ತುದಿಯಿಂದ ಎನಾಮೆಲ್ ತನಕ ಉದ್ದಕ್ಕೂ ಬಿರುಕು. ಅವತ್ತು ಬೆಳಗಿನ ತನಕ ನಿದ್ದೆ ಬರ್ಲಿಲ್ಲ, ಈಗ ನೆನೆಸಿಕೊಂಡ್ರೂ ಹೊಟ್ಟೆ ಉರಿಯುತ್ತೆ.

ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟಲ್ಲಿ. ಇಲ್ಲಿಂದ ಒಂದು ತಾಸು ದೂರ ಎರ್ಪ್‌ಫಿಂಗನ್ ಅನ್ನೋ ಊರ ಹತ್ರ ಬೇರನ್‌ಹೋಲೆ ಇದೆ, ಹೆಸರಿನ ಅರ್ಥವೇ ಕರಡಿ ಗವಿ, 1949ರಲ್ಲಿ ಸಿಕ್ಕಿದ್ದು, ಒಳಗೆ ಕರಡಿ ಅಸ್ಥಿಪಂಜರ ನಿಲ್ಸಿದಾರೆ. ನಮ್ಮೂರು ಕಮಲಾಪುರದ ಕಡೆ, ದರೋಜಿ ಗುಡ್ಡದಿಂದ ಸಂಜೆ ಹೊತ್ತು ಕರಡಿ ಇಳಿಯೋದನ್ನ ಚಿಕ್ಕಂದಿನಲ್ಲೇ ನೋಡಿದೋನು ನಾನು, ಆದ್ರೂ ಅದರ ಮುಂದೆ ನಿಂತು ಬಾಯಿ ಕಟ್ಟಿಹೋಯ್ತು. ಗವಿ ಕರಡಿಯ ದೊಡ್ಡ ಗಂಡು ಅರ್ಧ ಟನ್ ಹತ್ರ ತೂಗ್ತಿತ್ತು, ಹಣೆ ಮೆಟ್ಟಿಲಿನ ಥರ ಎದ್ದಿರುತ್ತೆ. ನಮ್ಮ ಕರಡಿಗೆ ಮೇಲ್ಗಡೆ ಮುಂದಿನ ಎರಡು ಹಲ್ಲಿಲ್ಲ, ಆ ಸಂದಿಯಿಂದ್ಲೇ ಗೆದ್ದಲು ಹೀರೋದು. ಗವಿ ಕರಡಿಗೋ ಕೋರೆ ಹಿಂದಿನ ಸಣ್ಣ ಹಲ್ಲುಗಳಿಲ್ಲ, ದವಡೆ ಹಲ್ಲು ಮಾತ್ರ ಅಗಲ, ಮೇಲೆಲ್ಲ ಉಬ್ಬುಬ್ಬು, ಸೊಪ್ಪು ಸದೆ ಅರೆಯೋ ಒರಳು ಅನ್ಕೊಳ್ಳಿ. ಅಷ್ಟು ದೊಡ್ಡ ಪ್ರಾಣಿ ಬಹುಪಾಲು ಸಸ್ಯ ತಿಂದೇ ಬದುಕಿತ್ತು ಅನ್ನೋದೇ ನನಗೆ ಹುಚ್ಚು ಹಿಡಿಸಿದ್ದು.

ಹಂಗಾದ್ರೆ ಗವಿಗೆ ಹೋಗಿ ಅಗೆದು ತಗೊಂಡ್ರಾ ಅಂತ ಊರ ಕಡೆಯವ್ರು ಕೇಳ್ತಾರೆ. ಇಲ್ಲ. ಇಲ್ಲಿ ಪರ್ಮಿಷನ್ ಇಲ್ದೆ ಗವಿ ಅಗೆಯೋದು ಅಪರಾಧ, ಅದು ಸರಿಯೂ ಹೌದು. ನಾನು ತಗೊಳ್ಳೋದು ಹಳೇ ಕಲೆಕ್ಷನ್‌ಗಳಿಂದ ಮಾತ್ರ, ಯಾರದೋ ತಾತ ಕೂಡಿಟ್ಟದ್ದು ಮೊಮ್ಮಕ್ಕಳು ಮಾರ್ತಾರೆ, ಇಲ್ಲಾಂದ್ರೆ ಮ್ಯೂನಿಕ್‌ನಲ್ಲಿ ಅಕ್ಟೋಬರ್ ಕೊನೆಗೆ ನಡೆಯೋ ಮಿನರಲ್ ಮೇಳ. ಪೆನ್ನಿನ ಥರದ ಯುವಿ ಟಾರ್ಚ್ ಜೇಬಲ್ಲೇ ಇರುತ್ತೆ, ಮೂಲೆಗೆ ಹೋಗಿ ಕತ್ತಲು ಮಾಡ್ಕೊಂಡು ಹಲ್ಲಿನ ಮೇಲೆ ಬಿಟ್ರೆ ಅಂಟು, ಪ್ಲಾಸ್ಟರ್ ಹಚ್ಚಿ ರಿಪೇರಿ ಮಾಡಿದ ಜಾಗ ಬೇರೆ ಬಣ್ಣದಲ್ಲಿ ಹೊಳೆಯುತ್ತೆ. ಎರಡು ಬೇರೆ ಬೇರೆ ಹಲ್ಲಿನ ತುಂಡು ಅಂಟಿಸಿ ಒಂದೇ ಅಂತ ಮಾರೋರೂ ಇದಾರೆ, ಒಂದ್ಸಲ ನಾನೇ ತಗೊಂಡ್ಬಿಡ್ತಿದ್ದೆ.

ಒಣಗಿಸೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಹೊಸಬರು ಕೆಡಿಸೋದು ಇಲ್ಲೇ. ಈ ಮೂಳೆಗಳು ಡೈನೋಸಾರ್ ಮೂಳೆ ಥರ ಪೂರ್ತಿ ಕಲ್ಲಾಗಿರಲ್ಲ. ಗವಿ ಒಳಗೆ ವರ್ಷವಿಡೀ ಒಂದೇ ತಂಪು ಒಂದೇ ತೇವ, ಆಮೇಲೆ ಯಾರದೋ ನೆಲಮಾಳಿಗೆಯ ತೇವ, ಅದನ್ನ ತಟ್ಟಂತ ಬಿಸಿಗೆ ತಂದ್ರೆ ಹೊರಗಿನ ಎನಾಮೆಲ್ ಕುಗ್ಗೋದೇ ಒಂದು ಲೆಕ್ಕ ಒಳಗಿನ ಭಾಗ ಕುಗ್ಗೋದೇ ಒಂದು ಲೆಕ್ಕ, ಸೀಳದೆ ಏನಾಗುತ್ತೆ. ಈಗ ನಾನು ಹಲ್ಲನ್ನ ನೆನೆಸೋದೇ ಇಲ್ಲ, ಮೆತ್ತನೆ ಬ್ರಷ್‌ನಲ್ಲಿ ಮಣ್ಣು ತೆಗೆದು, ಟಿಶ್ಯೂ ಸುತ್ತಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಒಂದು ಚೂರು ತೆರೆದಿಟ್ಟು ಮನೆಯ ತಂಪು ಮೂಲೇಲಿ ಇಡ್ತೀನಿ. ನಾಲ್ಕು ದಿನಕ್ಕೊಮ್ಮೆ ಗ್ರಾಂ ತಕ್ಕಡಿ ಮೇಲಿಟ್ಟು ತೂಕ ಬರ್ಕೊಳ್ಳೋದು, ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ. ದಪ್ಪ ಕೋರೆಗೆ ಎರಡು ತಿಂಗಳೂ ಆಗಿದ್ದುಂಟು. ಆಮೇಲೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72, ಅಂದ್ರೆ ಮ್ಯೂಸಿಯಂನೋರು ಮೂಳೆ ಗಟ್ಟಿ ಮಾಡೋಕೆ ಬಳಸೋ ಒಂಥರ ಅಕ್ರಿಲಿಕ್ ರಾಳ, ನೀರಿನ ಹಾಗೆ ತೆಳ್ಳಗೆ, ಕಿಟಕಿ ತೆರೆದಿಟ್ಟು ಬ್ರಷ್‌ನಲ್ಲಿ ಹಚ್ಚೋದು. ಫೆವಿಕಾಲ್ ಥರದ ಅಂಟು ಮಾತ್ರ ಬೇಡವೇ ಬೇಡ, ಪ್ಯಾರಲಾಯ್ಡ್ ಆದ್ರೆ ಮುಂದೆ ಯಾರಾದ್ರೂ ಬೇಕಂದ್ರೆ ಅಸಿಟೋನ್ ಹಾಕಿ ತೆಗೀಬಹುದು.

ಇನ್ನೊಂದು, ಚೀಟಿ. ಹಲ್ಲಿನ ಜೊತೆ ಬರೋ ಹಳೇ ಕಾಗದದ ಚೂರು ಎಷ್ಟೇ ಕೊಳಕಾಗಿರ್ಲಿ ಎಸೀಬೇಡಿ. ನನ್ನ ಹತ್ರ ಒಂದು ದವಡೆ ಹಲ್ಲಿದೆ, ಚೀಟಿ ಮೇಲೆ ಪೆನ್ಸಿಲ್‌ನಲ್ಲಿ ಮಿಕ್ಸ್‌ನಿಟ್ಸ್ ಅಂತಿದೆ. ಅದು ಆಸ್ಟ್ರಿಯಾದ ಒಂದು ಊರು, ಅಲ್ಲಿನ ಗವಿಗೆ ಡ್ರಾಗನ್ ಗವಿ ಅಂತ್ಲೇ ಹೆಸರು, ಮೊದಲ ಮಹಾಯುದ್ಧ ಮುಗಿದ್ಮೇಲೆ ಗೊಬ್ಬರಕ್ಕೆ ಫಾಸ್ಫೇಟ್ ಬೇಕಾಗಿ ಅಲ್ಲಿನ ಮಣ್ಣನ್ನ ಟನ್‌ಗಟ್ಲೆ ಅಗೆದು ಸಾಗಿಸಿದ್ರು, ಅದರೊಳಗೆ ಇದ್ದದ್ದು ಸಾವಿರಾರು ಕರಡಿಗಳ ಮೂಳೆ. ಚೀಟಿ ಇರೋದ್ರಿಂದ ಈ ಹಲ್ಲಿಗೆ ಆ ಕಥೆ ಇದೆ. ಇಲ್ಲೇ ಹತ್ರದ ಹೋಲೆ ಫೆಲ್ಸ್ ಗವೀಲಿ ಕರಡಿ ಬೆನ್ನೆಲುಬಿನ ಮಣಿಯೊಂದು ಸಿಕ್ಕಿದೆ, ಅದರಲ್ಲಿ ಕಲ್ಲಿನ ಆಯುಧದ ಮೊನೆ ಮುರಿದು ನಾಟಿಕೊಂಡೇ ಇದೆ, ಅಂದ್ರೆ ಮನುಷ್ಯರು ಬೇಟೆ ಆಡಿದಾರೆ ಅನ್ನೋದಕ್ಕೆ ಸಾಕ್ಷಿ. ಅದನ್ನ ಯಾವ ಪದರದಿಂದ ತೆಗೆದ್ರು ಅಂತ ಬರೆದಿಟ್ಟಿರೋದಕ್ಕೇ ಅದಕ್ಕಷ್ಟು ಬೆಲೆ. ರಾತ್ರಿ ಹೋಗಿ ಕದ್ದು ಅಗೆಯೋರ ಮೇಲೆ ನನಗೆ ಸಿಟ್ಟು ಇದಕ್ಕೇ.

ಈಗ ಶನಿವಾರ ಶನಿವಾರ ಒಂದು ಸಣ್ಣ ಮ್ಯೂಸಿಯಂಗೆ ಹೋಗ್ತೀನಿ, ಗವಿ ಮಣ್ಣನ್ನ ಜರಡಿ ಹಿಡಿದು ತೊಳೆದು ಒಣಗಿಸಿ ಟ್ರೇನಲ್ಲಿ ಕೊಡ್ತಾರೆ, ಚಿಮಟದಲ್ಲಿ ಹೆಕ್ಕಿ ಬೇರೆ ಮಾಡೋದು ನಮ್ಮ ಕೆಲಸ. ಅಲ್ಲಿ ಸಿಗೋದೆಲ್ಲ ಮ್ಯೂಸಿಯಮ್ಮಿಂದೇ, ಒಂದು ಚೂರೂ ಮನೆಗೆ ಬರಲ್ಲ. ಚಳಿಗಾಲ ಪೂರ್ತಿ ಗವೀಲಿ ಮಲಗೋ ಪ್ರಾಣಿ, ಬೇಸಿಗೇಲಿ ಕೊಬ್ಬು ಸಾಲದೆ ಇದ್ದದ್ದು ನಿದ್ದೇಲೇ ಸಾಯ್ತಿತ್ತು, ಹಂಗೆ ಸಾವಿರಾರು ವರ್ಷ ಮೂಳೆ ಸೇರಿದೆ, ಅದ್ರಲ್ಲಿ ಮರಿಗಳದ್ದೇ ಎಷ್ಟೋ.

ಅಲ್ಲಿನ ಹಿರಿಯರೊಬ್ರು ಹಾಲುಹಲ್ಲು ನೋಡೋದು ಹೇಳ್ಕೊಟ್ರು. ಅಕ್ಕಿ ಕಾಳಿಗಿಂತ ಒಂಚೂರು ದೊಡ್ಡದು, ಲೆನ್ಸ್ ಕೆಳಗೆ ಬೇರು ನೋಡ್ಬೇಕು. ಬೇರು ಪೂರ್ತಿ ಉದ್ದಕ್ಕಿದ್ರೆ ಹಲ್ಲು ಬಾಯಲ್ಲಿರುವಾಗ್ಲೇ ಮರಿ ಸತ್ತಿದೆ ಅಂತ. ಬೇರು ಕರಗಿ ಮೊಂಡಾಗಿದ್ರೆ ಕೆಳಗಿಂದ ಹೊಸ ಹಲ್ಲು ಬಂದು ಅದನ್ನ ತಳ್ಳಿದೆ, ಮರಿ ಬದುಕಿತ್ತು, ಹಲ್ಲು ಉದುರಿಸಿ ಆಚೆ ಹೋಯ್ತು. ಹೋದ ತಿಂಗಳು ನನ್ನ ಟ್ರೇನಲ್ಲಿ ಒಂಬತ್ತು ಹಾಲುಹಲ್ಲು, ಎಂಟಕ್ಕೆ ಬೇರು ಪೂರ್ತಿ ಇತ್ತು. ಒಂಬತ್ತನೇದು ಮೊಂಡು. ಅದನ್ನ ಲೆನ್ಸ್ ಕೆಳಗಿಂದ ತೆಗೆಯೋಕೆ ಮನಸ್ಸೇ ಬರ್ಲಿಲ್ಲ, ಪಕ್ಕದಲ್ಲಿದ್ದ ಎಲ್ಲರನ್ನೂ ಕರೆದು ತೋರ್ಸಿದೆ.