ಗೆಳೆಯರೊಂದಿಗೆ ನೀಲ್ ದ್ವೀಪಕ್ಕೆ: ಹುಬ್ಬಳ್ಳಿಯಿಂದ ಕಡಿಮೆ ಖರ್ಚಿನಲ್ಲಿ ಹೋಗಿಬರುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಗೆಳೆಯರ ಗುಂಪು ಸಮುದ್ರಕ್ಕೆ ಹೋಗೋಣವೆಂದು ಮಾತಿಗೆ ಕುಳಿತರೆ ಚರ್ಚೆ ಸಾಮಾನ್ಯವಾಗಿ ಗೋಕರ್ಣ, ಕಾರವಾರ, ಗೋವಾ ಎಂಬ ಮೂರು ಹೆಸರುಗಳಲ್ಲೇ ಮುಗಿದುಬಿಡುತ್ತದೆ. ಹತ್ತಿರದ ಊರುಗಳು, ಒಂದೇ ರಾತ್ರಿಯ ಪ್ರಯಾಣ, ಆದ್ದರಿಂದ ಅದು ಸಹಜವೇ. ಆದರೆ ರಜೆಯ ದಿನಗಳಲ್ಲಿ ಆ ದಂಡೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸದ್ದಿಲ್ಲದ ದಂಡೆಯ ಮೇಲೆ ನಾಲ್ಕು ದಿನ ನೆಮ್ಮದಿಯಾಗಿ ಇರಬೇಕೆನ್ನುವವರು ದ್ವೀಪವನ್ನೇ ಹುಡುಕಬೇಕು. ನಮ್ಮ ಕರಾವಳಿಯ ನೇತ್ರಾಣಿಯಲ್ಲಾಗಲಿ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಾಗಲಿ ರಾತ್ರಿ ತಂಗುವ ವ್ಯವಸ್ಥೆಯಿಲ್ಲ. ಲಕ್ಷದ್ವೀಪಕ್ಕೆ ಹೋಗಲು ಭಾರತೀಯರೂ ಮೊದಲೇ ಪ್ರವೇಶ ಪರವಾನಗಿ ಪಡೆಯಬೇಕು. ಅಂಡಮಾನಿನ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೆ ನಮಗೆ ಅಂಥ ಪರವಾನಗಿ ಬೇಕಿಲ್ಲ. ಇವುಗಳಲ್ಲಿ ಚಿಕ್ಕದು, ಶಾಂತವಾದುದು, ಕೈಗೆಟಕುವಂಥದು ನೀಲ್.

ಟಿಕೆಟ್ ತೆಗೆಸುವವರು ಒಂದು ವಿಷಯವನ್ನು ಗಮನದಲ್ಲಿಡಬೇಕು. 2018ರ ಡಿಸೆಂಬರ್‌ನಲ್ಲಿ ನೀಲ್ ದ್ವೀಪಕ್ಕೆ ಶಹೀದ್ ದ್ವೀಪವೆಂದೂ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪವೆಂದೂ ಹೆಸರಿಡಲಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಹಡಗಿನ ಟಿಕೆಟ್‌ನಲ್ಲಿ ಹೊಸ ಹೆಸರು, ಜನರ ಬಾಯಲ್ಲಿ ಹಳೆಯ ಹೆಸರು ಇರಬಹುದು. ಈ ಲೇಖನದಲ್ಲಿ ಬಳಕೆಯ ಹಳೆಯ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ.

ಮೊದಲ ಹೆಜ್ಜೆ: ಒಂದೇ ದ್ವೀಪವೆಂದು ನಿರ್ಧರಿಸುವುದು

ಅಂಡಮಾನ್ ಪ್ರವಾಸ ದುಬಾರಿಯೆಂಬ ಮಾತಿಗೆ ಮುಖ್ಯ ಕಾರಣ ಆರು ದಿನಗಳಲ್ಲಿ ನಾಲ್ಕು ದ್ವೀಪಗಳನ್ನು ತೋರಿಸುವ ಪ್ಯಾಕೇಜುಗಳು. ದ್ವೀಪ ಬದಲಾದಾಗಲೆಲ್ಲ ಹಡಗಿನ ಟಿಕೆಟ್, ಜೆಟ್ಟಿಗೆ ಆಟೋ, ಹೊಸ ಕೋಣೆಯ ಬಾಡಿಗೆ, ಜೊತೆಗೆ ಅರ್ಧ ದಿನದ ಕಾಯುವಿಕೆ ಸೇರುತ್ತದೆ. ಒಂದೇ ದ್ವೀಪದಲ್ಲಿ ನಾಲ್ಕು ರಾತ್ರಿ ಉಳಿದರೆ ಈ ವೆಚ್ಚವೆಲ್ಲ ಒಮ್ಮೆಗೇ ಮುಗಿಯುತ್ತದೆ. ಒಂದೇ ಕಡೆ ಹೆಚ್ಚು ದಿನ ಉಳಿಯುವವರು ಬಾಡಿಗೆಯನ್ನೂ ಸ್ವಲ್ಪ ಇಳಿಸಿ ಕೇಳಬಹುದು. ಕಡಿಮೆ ಖರ್ಚಿನ ಗುಟ್ಟು ಅಗ್ಗದ ಕೋಣೆಯಲ್ಲಿಲ್ಲ, ಕಡಿಮೆ ಓಡಾಟದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನೀಲ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪದಲ್ಲಿ ವಾಸಿಸುವವರು ಹೆಚ್ಚುಕಡಿಮೆ ಮೂರು ಸಾವಿರ ಜನ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು 1960ರ ದಶಕದಲ್ಲಿ ಇಲ್ಲಿ ನೆಲೆಗೊಂಡು ಭತ್ತ, ತರಕಾರಿ, ತೆಂಗು, ಬಾಳೆ ಬೆಳೆದವು. ಇಂದಿಗೂ ಪೋರ್ಟ್ ಬ್ಲೇರ್ ಪೇಟೆಗೆ ಇಲ್ಲಿನ ಕಾಯಿಪಲ್ಲೆ ಹೋಗುತ್ತದೆ. ಊರುಗಳ ಹೆಸರುಗಳು ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ನಡುವೆ ಪೇಟೆಯಿರುವ ನೀಲ್ ಕೇಂದ್ರ. ಜೆಟ್ಟಿಯಿಂದ ದೂರದ ಸೀತಾಪುರ ದಂಡೆಗೂ ಐದು ಕಿಲೋಮೀಟರ್ ಆಸುಪಾಸಿನ ದಾರಿಯಾದ್ದರಿಂದ ಸೈಕಲ್ಲೊಂದಿದ್ದರೆ ಸಾಕು.

ಎರಡನೆಯ ಹೆಜ್ಜೆ: ದಿನ ಗೊತ್ತುಮಾಡುವುದು

ಅಂಡಮಾನಿಗೆ ಎರಡು ಮಳೆಗಾಲಗಳು. ಮೇ ತಿಂಗಳಿನಿಂದ ನೈರುತ್ಯ ಮಾರುತ ಸುರಿಯುತ್ತದೆ, ಅದು ಹಿಂದೆ ಸರಿಯುವ ಹೊತ್ತಿಗೆ ಈಶಾನ್ಯ ಮಾರುತದ ಮಳೆ ಶುರುವಾಗುತ್ತದೆ. ಡಿಸೆಂಬರ್ ಕೊನೆಯ ವಾರದಿಂದ ಹೊಸ ವರ್ಷದವರೆಗೆ ಆಕಾಶ ತಿಳಿಯಾಗಿದ್ದರೂ ಕೋಣೆಗಳೂ ವಿಮಾನಗಳೂ ತುಂಬಿರುತ್ತವೆ, ದರವೂ ಏರಿರುತ್ತದೆ. ನಮ್ಮ ಭಾಗದವರಿಗೆ ಸಂಕ್ರಮಣ ಮುಗಿದ ಮೇಲೆ, ಹೋಳಿ ಹುಣ್ಣಿಮೆಗೆ ಮೊದಲು, ಗಣರಾಜ್ಯೋತ್ಸವದ ರಜೆಯನ್ನು ತಪ್ಪಿಸಿ ಹೋಗುವುದು ಒಳ್ಳೆಯದು. ಸಮುದ್ರವೂ ಆಗ ಶಾಂತವಾಗಿರುತ್ತದೆ.

ತಿಂಗಳನ್ನು ಗೊತ್ತುಮಾಡಿದ ಮೇಲೆ ಗೋಡೆಯ ಕ್ಯಾಲೆಂಡರ್ ತೆಗೆದು ಹುಣ್ಣಿಮೆ, ಅಮಾವಾಸ್ಯೆಗಳನ್ನು ನೋಡಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ, ಆದರೆ ನೀಲ್‌ನಲ್ಲಿ ನೋಡಲಿರುವುದೆಲ್ಲ ಭರತ-ಇಳಿತದ ಮೇಲೆ ನಿಂತಿದೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಈ ಏರಿಳಿತ ತಗ್ಗುತ್ತದೆ. ದಿನಕ್ಕೆ ಎರಡು ಸಲ ಇಳಿತ ಬರುತ್ತದೆ, ಅದರ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಲಕ್ಷ್ಮಣಪುರದ ಎರಡನೆಯ ದಂಡೆಯಲ್ಲಿರುವ ಕಲ್ಲಿನ ಸಹಜ ಸೇತುವೆಯ ಬುಡಕ್ಕೆ ನಡೆದುಹೋಗಲು, ಅಲ್ಲಿನ ಕಲ್ಲುಗುಣಿಗಳಲ್ಲಿ ಸಿಕ್ಕಿಬಿದ್ದ ಏಡಿ, ಸಣ್ಣ ಮೀನು, ಕಡಲಸೌತೆ ಎಂಬ ಮೆತ್ತನೆಯ ಜೀವಿಗಳನ್ನು ನೋಡಲು ನೀರು ಇಳಿದಿರಲೇಬೇಕು. ಭರತಪುರದಲ್ಲಿ ಇದಕ್ಕೆ ವಿರುದ್ಧ: ನೀರು ತೀರ ಇಳಿದರೆ ಹವಳದ ದಿಬ್ಬಗಳು ಮೇಲೆದ್ದು ಈಜಲೂ ದೋಣಿಗೂ ಅನುಕೂಲವಾಗುವುದಿಲ್ಲ, ನೀರು ಏರಿರುವ ಹೊತ್ತೇ ಬೇಕು. ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ದ್ವೀಪ ತಲುಪಿ ಮುಂದಿನ ನಾಲ್ಕು ದಿನ ಅಲ್ಲಿರುವಂತೆ ಯೋಜಿಸಿದರೆ ಮೊದಲೆರಡು ದಿನ ಸೇತುವೆ, ನಂತರ ಈಜು ಎಂದು ಹಂಚಿಕೊಳ್ಳಬಹುದು. ಪೋರ್ಟ್ ಬ್ಲೇರ್‌ನ ಭರತ-ಇಳಿತದ ವೇಳಾಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಹೊರಡುವ ಮೊದಲೇ ಆ ವಾರದ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಗಡಿಯಾರದ ಲೆಕ್ಕವೂ ಬೇರೆಯೇ. ನೀಲ್ ದ್ವೀಪ ಹುಬ್ಬಳ್ಳಿಗಿಂತ ಸುಮಾರು 18 ರೇಖಾಂಶ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆದ್ದರಿಂದ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಫೆಬ್ರುವರಿಯಲ್ಲಿ ಸಂಜೆ ಐದೂವರೆಯ ಹೊತ್ತಿಗೆ ಕತ್ತಲಾಗತೊಡಗುತ್ತದೆ. ಎಂಟಕ್ಕೆ ಎದ್ದು ಹತ್ತಕ್ಕೆ ಹೊರಬೀಳುವ ಗುಂಪು ಅರ್ಧ ಹಗಲನ್ನು ಕಳೆದುಕೊಂಡಂತೆಯೇ.

ಮೂರನೆಯ ಹೆಜ್ಜೆ: ಹಣ ಕೂಡಿಸುವುದು

ಆರು ಜನರ ಗುಂಪು ಇದಕ್ಕೆ ಸರಿಯಾದುದು. ಮೂವರಿಗೊಂದರಂತೆ ಎರಡು ಕೋಣೆ ಸಾಕು, ಆಟೋ ಬೇಕಾದರೆ ಎರಡೇ ಸಾಕು. ತಲೆಗೆ 27,000 ರೂಪಾಯಿ ಮಿತಿಯೆಂದು ಇಟ್ಟುಕೊಂಡು ಅದನ್ನು ಹೀಗೆ ಹಂಚಬಹುದು: ಬೆಂಗಳೂರಿನಿಂದ ವಿಮಾನಕ್ಕೆ ಹೋಗಿಬರಲು 12,000, ಹುಬ್ಬಳ್ಳಿ-ಬೆಂಗಳೂರು ರೈಲು ಮತ್ತು ವಿಮಾನ ನಿಲ್ದಾಣದ ಬಸ್ಸಿಗೆ 2,000, ಹಡಗಿಗೆ 2,500, ಆರು ರಾತ್ರಿಯ ಕೋಣೆಗೆ 4,000, ಊಟ-ತಿಂಡಿಗೆ 3,500, ಸೈಕಲ್ ಮತ್ತು ದೋಣಿಗೆ 1,500, ಆಪತ್ತಿಗೆಂದು ತೆಗೆದಿಡಲು 1,500. ಇವು ದರಪಟ್ಟಿಯಲ್ಲ, ನಾವೇ ಹಾಕಿಕೊಳ್ಳುವ ಗೆರೆಗಳು. ಒಂದು ಬಾಬಿನಲ್ಲಿ ಮೀರಿದರೆ ಇನ್ನೊಂದರಲ್ಲಿ ಹಿಡಿಯಬೇಕು.

ಭಿಶಿ, ಅಂದರೆ ತಿಂಗಳು ತಿಂಗಳು ಹಣ ಕೂಡಿಸಿ ಸರದಿಯಂತೆ ಒಬ್ಬೊಬ್ಬರು ಎತ್ತುವ ಚೀಟಿ, ಹಾಕುವ ರೂಢಿ ನಮ್ಮ ಭಾಗದ ಗೆಳೆಯರಿಗೆ ಹೊಸದಲ್ಲ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂಬತ್ತು ತಿಂಗಳು ತಲಾ 3,000 ರೂಪಾಯಿಯಂತೆ ಕೂಡಿಸಿದರೆ ಮೊತ್ತ ಸರಿಯಾಗಿ ಬರುತ್ತದೆ. ಆದರೆ ಇಲ್ಲಿ ಸರದಿಯಂತೆ ಯಾರೂ ಹಣ ಎತ್ತಬಾರದು. ಪ್ರತಿಯೊಬ್ಬರೂ ತಮ್ಮ ಪಾಲನ್ನು ಸ್ವಂತ ಬ್ಯಾಂಕ್ ಖಾತೆಯಲ್ಲೇ ಬೇರೆಯಾಗಿ ಇಟ್ಟುಕೊಂಡು ಟಿಕೆಟ್ ತೆಗೆಸುವಾಗ ಮಾತ್ರ ಖಜಾಂಚಿಗೆ ಕಳುಹಿಸಲಿ. ಮಧ್ಯದಲ್ಲಿ ಒಬ್ಬರು ಹಿಂದೆ ಸರಿದರೆ ಕೋಣೆಯ ಪಾಲು ಉಳಿದವರ ಮೇಲೆ ಬೀಳುತ್ತದೆ. ಟಿಕೆಟ್ ತೆಗೆಸಿದ ಮೇಲೆ ಬಿಟ್ಟವರು ತಮ್ಮ ಕೋಣೆಯ ಪಾಲನ್ನು ಕೊಡಬೇಕೆಂದು ಮೊದಲ ದಿನವೇ ಮಾತಾಡಿಕೊಳ್ಳುವುದು ಸ್ನೇಹಕ್ಕೆ ಕ್ಷೇಮ.

ನಾಲ್ಕನೆಯ ಹೆಜ್ಜೆ: ದಾರಿ

ಪೋರ್ಟ್ ಬ್ಲೇರ್‌ನ ವೀರ ಸಾವರ್ಕರ್ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ನೇರ ವಿಮಾನ ಸೌಕರ್ಯವಿದೆ. ಪ್ರಯಾಣ ಮೂರು ಗಂಟೆಯೊಳಗೇ ಮುಗಿಯುತ್ತದೆ. ಚೆನ್ನೈನಿಂದ ಪ್ರಯಾಣಿಕರ ಹಡಗೂ ಇದೆ, ಆದರೆ ಹೋಗಲೇ ಸುಮಾರು ಮೂರು ದಿನ ಬೇಕು, ಹಡಗು ಪ್ರತಿದಿನ ಹೊರಡುವುದೂ ಇಲ್ಲ. ರಜೆ ಧಾರಾಳವಾಗಿರುವವರು ಮಾತ್ರ ಅದನ್ನು ಯೋಚಿಸಬೇಕು.

ವಿಮಾನ ಬೆಳಗಿನ ಜಾವದ್ದಾದರೆ ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದು ಬೆಳಿಗ್ಗೆ ಬೆಂಗಳೂರಿಗೆ ಇಳಿಯುವ ನಮ್ಮ ವಾಡಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಧ್ಯಾಹ್ನ ಧಾರವಾಡದಿಂದ ಹೊರಡುವ ವಂದೇ ಭಾರತ್ ಅಥವಾ ಹಗಲಿನ ಯಾವುದಾದರೂ ರೈಲಿನಲ್ಲಿ ಹೋಗಿ, ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯುವಜ್ರ ಬಸ್ಸಿನಲ್ಲಿ ವಿಮಾನ ನಿಲ್ದಾಣ ಸೇರಿ ರಾತ್ರಿ ಅಲ್ಲಿಯೇ ಕಳೆಯುವುದು ಕಡಿಮೆ ಖರ್ಚಿನ ದಾರಿ. ಹಾವೇರಿಯವರಿಗೂ ಇದೇ ರೈಲುಮಾರ್ಗ. ಗದಗಿನವರು ಹುಬ್ಬಳ್ಳಿಗೆ ಬಂದು ಜೊತೆಗೂಡಬಹುದು, ಇಲ್ಲವೆ ಬಳ್ಳಾರಿ ಮಾರ್ಗದ ಹಂಪಿ ಎಕ್ಸ್‌ಪ್ರೆಸ್ ಹಿಡಿಯಬಹುದು. ಆದರೆ ಅದು ರಾತ್ರಿಯ ರೈಲಾದ್ದರಿಂದ ಒಂದು ದಿನ ಮೊದಲೇ ಹೊರಡಬೇಕು.

ಪೋರ್ಟ್ ಬ್ಲೇರ್‌ಗೆ ಇಳಿದ ದಿನವೇ ನೀಲ್‌ಗೆ ಹಡಗು ಹಿಡಿಯುವ ಆಸೆ ಬೇಡ. ವಿಮಾನ ತಡವಾದರೆ ಟಿಕೆಟ್ ವ್ಯರ್ಥ. ಅಬರ್ಡೀನ್ ಬಜಾರಿನಲ್ಲಿ ಸಾಧಾರಣ ವಸತಿಗೃಹ ಹಿಡಿದು ಆ ಮಧ್ಯಾಹ್ನವನ್ನು ಸೆಲ್ಯುಲಾರ್ ಜೈಲಿಗೆ ಕೊಡಿ. 1906ರಲ್ಲಿ ಕಟ್ಟಿ ಮುಗಿಸಿದ ಈ ಸೆರೆಮನೆಯ ಏಳು ಕಟ್ಟಡಸಾಲುಗಳಲ್ಲಿ ಈಗ ಉಳಿದಿರುವುದು ಮೂರು.

ಮರುದಿನದ ಹಡಗಿಗೆ ಎರಡು ಆಯ್ಕೆಗಳು. ಸರ್ಕಾರಿ ಹಡಗು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಟು ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಅದರ ದರ ಖಾಸಗಿ ಹಡಗಿಗಿಂತ ಬಹಳ ಕಡಿಮೆ, ಆದರೆ ಟಿಕೆಟ್‌ಗಳು ಕೆಲವೇ ದಿನ ಮೊದಲು ಸಿಗುತ್ತವೆ, ದ್ವೀಪವಾಸಿಗಳಿಗೆ ಆದ್ಯತೆ ಇರುತ್ತದೆ. ಅದು ನ್ಯಾಯವೂ ಹೌದು, ಏಕೆಂದರೆ ಅವರಿಗೆ ಆಸ್ಪತ್ರೆಗೂ ಪೇಟೆಗೂ ಅದೇ ದಾರಿ. ಖಾಸಗಿ ಹಡಗುಗಳು ಬೇಗ ಮುಟ್ಟಿಸುತ್ತವೆ, ತಿಂಗಳ ಮೊದಲೇ ಕಾಯ್ದಿರಿಸಬಹುದು. ಹೋಗುವಾಗ ಖಾಸಗಿ, ಬರುವಾಗ ಸಿಕ್ಕರೆ ಸರ್ಕಾರಿ ಎಂದು ಯೋಜಿಸುವುದು ನನಗೆ ಸರಿಕಾಣುತ್ತದೆ: ನೀಲ್‌ಗೆ ಇಳಿದ ದಿನವೇ ಅಲ್ಲಿನ ಜೆಟ್ಟಿಯಲ್ಲಿ ಮರಳುವ ಟಿಕೆಟ್ ವಿಚಾರಿಸಲು ಆಗ ಸಮಯ ಸಿಗುತ್ತದೆ. ಟಿಕೆಟ್‌ನಲ್ಲಿರುವ ಹೆಸರು ಆಧಾರ್ ಕಾರ್ಡಿನಂತೆಯೇ ಇರಲಿ. ಹಡಗಿನಲ್ಲಿ ತಲೆ ತಿರುಗುವವರು ವೈದ್ಯರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಲಿ.

ಐದನೆಯ ಹೆಜ್ಜೆ: ಗಂಟುಮೂಟೆ

ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಚ್ಚಿದ ಚುರುಮುರಿ: ಇವು ನಾಲ್ಕು ದಿನಗಳ ಬೆಳಗಿನ ತಿಂಡಿಯನ್ನು ಹೆಚ್ಚುಕಡಿಮೆ ಪುಕ್ಕಟೆ ಮಾಡುತ್ತವೆ. ಪುಡಿಗಳನ್ನು ವಿಮಾನದ ಒಳಗೆ ಒಯ್ಯುವ ಚೀಲದಲ್ಲಿಡದೆ ತೂಕಕ್ಕೆ ಒಪ್ಪಿಸುವ ಚೀಲದಲ್ಲಿಡಿ. ನೀಲ್ ಕೇಂದ್ರದ ಪೇಟೆಯ ಸಣ್ಣ ಖಾನಾವಳಿಗಳಲ್ಲಿ ಅನ್ನ, ಬೇಳೆ, ಪಲ್ಯ, ಮೀನಿನ ಊಟ ಸಿಗುತ್ತದೆ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ, ಕಾಯಿಪಲ್ಲೆ ಅಲ್ಲಿಯೇ ಬೆಳೆದದ್ದು. ಹಿಂದಿಯಲ್ಲಿ ಮಾತಾಡಿದರೆ ಎಲ್ಲರಿಗೂ ತಿಳಿಯುತ್ತದೆ.

ನಗದು ಹಣವನ್ನು ಪೋರ್ಟ್ ಬ್ಲೇರ್‌ನಲ್ಲೇ ತೆಗೆದು ಇಬ್ಬರಲ್ಲಿ ಹಂಚಿಡಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಪೋರ್ಟ್ ಬ್ಲೇರ್‌ನ ಅಂತರ್ಜಾಲ ಸುಧಾರಿಸಿದೆ, ಆದರೆ ಸಣ್ಣ ದ್ವೀಪದಲ್ಲಿ ಮೊಬೈಲ್ ಪಾವತಿಯನ್ನೇ ನೆಚ್ಚಿಕೊಂಡಿರಬಾರದು. ಸ್ಟೀಲ್ ನೀರಿನ ಬಾಟಲಿ, ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿ, ತುಂಬುತೋಳಿನ ಹತ್ತಿ ಅಂಗಿ, ಬ್ಯಾಟರಿ, ಮುಂಜಾನೆ ಮತ್ತು ಮುಸ್ಸಂಜೆಯ ಮರಳುನೊಣಗಳಿಗಾಗಿ ಮೈಗೆ ಹಚ್ಚುವ ಮುಲಾಮು ಇರಲಿ. ಹವಳ ತಾಗಿ ಆದ ಗಾಯ ಬೇಗ ಕೀವಾಗುವುದರಿಂದ ಗಾಯದ ಔಷಧಿಯನ್ನು ಮರೆಯಬಾರದು.

ಆರನೆಯ ಹೆಜ್ಜೆ: ದ್ವೀಪದಲ್ಲಿ ದಿನ ಕಳೆಯುವುದು

ಬಿದಿರಿನ ಗುಡಿಸಲುಗಳೂ ಸಾದಾ ಕೋಣೆಗಳೂ ಪೇಟೆಯ ಸುತ್ತ ಮತ್ತು ಲಕ್ಷ್ಮಣಪುರದ ದಾರಿಯಲ್ಲಿ ಸಿಗುತ್ತವೆ. ಹವಾನಿಯಂತ್ರಣ ಬೇಡವೆಂದರೆ ಬಾಡಿಗೆ ಇಳಿಯುತ್ತದೆ, ಫೆಬ್ರುವರಿಯಲ್ಲಿ ಫ್ಯಾನ್ ಸಾಕು. ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ, ಈಜಿಗೆ ಭರತಪುರ. ಸೀತಾಪುರದ ದಂಡೆ ಪೂರ್ವಕ್ಕೆ ತೆರೆದುಕೊಂಡಿದ್ದು ಅಲೆಗಳು ಜೋರಾಗಿರುತ್ತವೆ, ಅಲ್ಲಿ ನೀರಿಗಿಳಿಯುವುದು ಬೇಡ. ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ಪರವಾನಗಿ ಮತ್ತು ಹೆಲ್ಮೆಟ್ ಕಡ್ಡಾಯ.

ಈಜಿನ ಬಗ್ಗೆ ಒತ್ತಿ ಹೇಳಬೇಕಾದ ಮಾತಿದೆ. ನಮ್ಮ ಕಡೆಯ ಬಹುಪಾಲು ಹುಡುಗರು ಈಜು ಕಲಿತದ್ದು ಬಾವಿಯಲ್ಲಿ, ಕೆರೆಯಲ್ಲಿ, ಕಾಲುವೆಯಲ್ಲಿ. ಸಮುದ್ರದ ಸೆಳೆತ ಆ ನೀರಿಗಿಲ್ಲ. ಇಳಿತದ ಹೊತ್ತಿನಲ್ಲಿ ನೀರು ಹೊರಕ್ಕೆ ಎಳೆಯುತ್ತದೆ, ನಿಪುಣ ಈಜುಗಾರನೂ ಸೋಲುತ್ತಾನೆ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಬೇಕು, ಇಬ್ಬಿಬ್ಬರು ಜೊತೆಯಾಗಿ ಇಳಿಯಬೇಕು, ಒಬ್ಬರು ದಡದಲ್ಲಿ ಕಾವಲಿರಬೇಕು, ಕುಡಿದವರು ನೀರಿಗೆ ಹೋಗಲೇಬಾರದು. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವ ಕಡೆ ಮತ್ತು ಕತ್ತಲಾದ ಮೇಲೆ ಯಾವ ನೀರಿಗೂ ಇಳಿಯಬೇಡಿ. ದ್ವೀಪದಲ್ಲಿ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ ಮಾತ್ರ, ದೊಡ್ಡ ಚಿಕಿತ್ಸೆಗೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಹೋಗಬೇಕು. ಸ್ಕೂಬಾ ಮಾಡುವವರು ಅದನ್ನು ಮೊದಲ ದಿನಗಳಲ್ಲೇ ಮುಗಿಸಲಿ, ಏಕೆಂದರೆ ಆಳದಿಂದ ಮೇಲೆ ಬಂದು 18ರಿಂದ 24 ಗಂಟೆ ಕಳೆಯುವವರೆಗೆ ವಿಮಾನ ಹತ್ತಬಾರದು.

ಹವಳದ ಮೇಲೆ ಕಾಲಿಟ್ಟು ನಿಲ್ಲಬೇಡಿ. ಅದು ಕಲ್ಲಿನಂತೆ ಕಂಡರೂ ಜೀವವಿರುವ ಪ್ರಾಣಿಗಳ ವಸಾಹತು. ಒಂದು ಅಂಗುಲ ಬೆಳೆಯಲು ವರ್ಷಗಳು ಬೇಕು, ಮುರಿಯಲು ಒಂದು ಹೆಜ್ಜೆ ಸಾಕು. ದಡಕ್ಕೆ ಬಿದ್ದ ಸತ್ತ ಹವಳದ ತುಂಡನ್ನೂ ನೆನಪಿಗೆಂದು ಚೀಲಕ್ಕೆ ಹಾಕುವಂತಿಲ್ಲ. ಹವಳಗಳಿಗೂ ಹಲವು ಬಗೆಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವು ಸಿಕ್ಕಿಬೀಳುತ್ತವೆ.

ಕೊನೆಯ ಹೆಜ್ಜೆ: ಮರಳುವುದು

ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ. ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಸಲು ಹೋಗಿ ಆರು ವಿಮಾನ ಟಿಕೆಟ್ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಆ ರಾತ್ರಿ ಊಟವಾದ ಮೇಲೆ ಖಜಾಂಚಿಯ ವಹಿ ತೆರೆದು ಲೆಕ್ಕ ಮುಗಿಸಿ, ಉಳಿದ ಆಪತ್ತಿನ ಹಣವನ್ನು ಅಲ್ಲಿಯೇ ಹಂಚಿಬಿಡಿ. ಊರಿಗೆ ಬಂದ ಮೇಲೆ ಚೀಟಿಗಳು ಸಿಗುವುದಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ರೈಲಿನ ಟಿಕೆಟ್ ತೆಗೆಸುವಾಗ ವಿಮಾನ ಇಳಿಯುವ ವೇಳೆಗೂ ರೈಲು ಹೊರಡುವ ವೇಳೆಗೂ ನಡುವೆ ಕನಿಷ್ಠ ಐದು ಗಂಟೆ ಅಂತರವಿರಲಿ, ಏಕೆಂದರೆ ದೇವನಹಳ್ಳಿಯಿಂದ ರೈಲು ನಿಲ್ದಾಣಕ್ಕೆ ಬರುವ ಸಂಜೆಯ ರಸ್ತೆ ಯಾರ ಅಂದಾಜಿಗೂ ಸಿಗುವಂಥದ್ದಲ್ಲ.