ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ಸೋ, ಶಿಯೋಮಿ ಪ್ಯಾಡ್ 6ಓ?

ಎರಡೂ ಟ್ಯಾಬ್ಲೆಟ್‌ಗಳಿಗೆ 11 ಇಂಚಿನ ಪರದೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿಯದು 1920×1200 ಪಿಕ್ಸೆಲ್, ಶಿಯೋಮಿಯದು 2880×1800; ಪಿಕ್ಸೆಲ್ ಹೆಚ್ಚಿದ್ದಷ್ಟೂ ಅಕ್ಷರ ಸ್ಪಷ್ಟ. ಅಂಗಡಿಯಲ್ಲಿ ಎರಡರಲ್ಲೂ ಒಂದೇ ಕನ್ನಡ ಪಿಡಿಎಫ್ ತೆರೆದು, ಇಡೀ ಪುಟ ಕಾಣುವಂತಿಟ್ಟು, 'ರಾಷ್ಟ್ರ', 'ಸ್ತ್ರೀ' ಪದಗಳ ಒತ್ತಕ್ಷರ ಎಷ್ಟು ಸ್ಪಷ್ಟವಾಗಿದೆ ನೋಡಿ. ಓದುವುದೇ ಹೆಚ್ಚಾದರೆ ಈ ಪರೀಕ್ಷೆಯೇ ಮುಖ್ಯ. ಪೆನ್ನಿನಲ್ಲಿ ಬರೆಯುವುದಿದ್ದರೂ ಶಿಯೋಮಿಯೇ ಸರಿ. ಎ9 ಪ್ಲಸ್‌ಗೆ ಸ್ಯಾಮ್‌ಸಂಗ್‌ನ ಬರೆಯುವ ಪೆನ್ನಾದ ಎಸ್ ಪೆನ್ ಹೊಂದುವುದಿಲ್ಲ.

ಆದರೆ ಶಿಯೋಮಿಯಲ್ಲಿ ಸಿಮ್, ಜಿಪಿಎಸ್, ಹೆಡ್‌ಫೋನ್ ಜ್ಯಾಕ್ ಇಲ್ಲ. ಮೆಮೊರಿ ಕಾರ್ಡಿಗೂ ಜಾಗವಿಲ್ಲ, ಪಾಠದ ವಿಡಿಯೊ ತುಂಬಿಕೊಂಡರೆ ಅಳಿಸುತ್ತಲೇ ಇರಬೇಕು. ಇವೆಲ್ಲ ಬೇಕಿರುವವರಿಗೆ ಎ9 ಪ್ಲಸ್ ಒಳ್ಳೆಯದು. 4 ಜಿಬಿ ರ್‍ಯಾಮ್‌ನದು ಮಾತ್ರ ಬೇಡವೇ ಬೇಡ: ವಿಡಿಯೊ ಬಿಟ್ಟು ನೋಟ್ಸ್‌ಗೆ ಹೋಗಿ ಬರುವಷ್ಟರಲ್ಲಿ ಆ್ಯಪ್ ಮೊದಲಿನಿಂದ ಲೋಡ್ ಆಗಬಹುದು. ಸಿಮ್ ಬೇಕಿದ್ದರೆ ಡಬ್ಬದ ಮೇಲೆ 5ಜಿ ಎಂದಿದೆಯೇ ನೋಡಿ. ಬರೀ ವೈಫೈ ಮಾದರಿಯೂ ಇದೇ ಹೆಸರಿನಲ್ಲಿ ಸಿಗುತ್ತದೆ.