ಊರಿನ ಮನೆಗೆ ಬೆಂಕಿ ಬಿದ್ದ ಮೇಲೆ: ಹೊಸದಾಗಿ ಹೊರದೇಶಕ್ಕೆ ಬಂದವರಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬೆಂಕಿ ಬಿದ್ದಿದ್ದು ಅಡಿಕೆ ಸುಗ್ಗಿಯಲ್ಲಿ, ರಾತ್ರಿ ಎರಡು ಗಂಟೆಗೆ. ನಾನಿರುವ ಟೊರಾಂಟೊದಲ್ಲಿ ಆಗ ಮಧ್ಯಾಹ್ನ ಮೂರೂವರೆ. ಅಡಿಕೆ ಬೇಯಿಸಿದ ಒಲೆಯ ಕೆಂಡ ಸಿಪ್ಪೆ ರಾಶಿಗೆ ತಾಗಿ, ಅಲ್ಲಿಂದ ಅಟ್ಟಕ್ಕೆ ಏರಿತ್ತು. ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಕೆಟ್ಟಿದ್ದರಲ್ಲಿ ಮಾತ್ರ ನನ್ನ ಪಾಲು ಜಾಸ್ತಿ. ನೀವೂ ಫೋನಿನಲ್ಲೇ ಊರಿನ ಯಜಮಾನಿಕೆ ಮಾಡುವವರು ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಊರಿನಲ್ಲಿ ಬೆಳಗಾಗುತ್ತಿದ್ದಂತೆ ವಿಡಿಯೊ ಕಾಲ್ ಮಾಡಿದೆ. ನಡುಮನೆಯ ಕಬ್ಬಿಣದ ಬೀರು ಮಸಿ ಹಿಡಿದು ನಿಂತಿತ್ತು. "ಮೊದಲು ಅದನ್ನು ತೆಗಿ, ಜಮೀನಿನ ಕಾಗದ ನೋಡು" ಎಂದೆ. "ಇನ್ನೂ ಬಿಸಿ ಇದೆ ಮಾರಾಯ" ಎಂದ ತಮ್ಮ. ನಾನು ಕೇಳಬೇಕಲ್ಲ! ಬಾಗಿಲು ತೆಗೆದದ್ದೇ ತಡ, ಒಳಗೆ ಕಾದು ಕೂತಿದ್ದ ಕಾಗದಕ್ಕೆ ಗಾಳಿ ಸಿಕ್ಕಿ ಭುಗ್ಗೆಂದಿತು. ತಮ್ಮನ ಹುಬ್ಬು ಸುಟ್ಟಿತು. ಅಪ್ಪ ನಲವತ್ತು ವರ್ಷ ಬರೆದಿಟ್ಟ ಅಡಿಕೆ ಲೆಕ್ಕದ ಪುಸ್ತಕಗಳು ನನ್ನ ಕಣ್ಣೆದುರೇ, ಅಂಗೈಯಗಲದ ಪರದೆಯಲ್ಲಿ, ಉರಿದು ಹೋದವು. ಬೀರು ಪೂರ್ತಿ ತಣ್ಣಗಾಗುವ ತನಕ ಮುಟ್ಟಿಸಬೇಡಿ. ಜಮೀನಿನ ಕಾಗದಕ್ಕೆ ಅಷ್ಟು ಅವಸರ ಯಾಕೆ ಬೇಕಿತ್ತೋ. ಪಹಣಿ ಆನ್‌ಲೈನಿನಲ್ಲೇ ಸಿಗುತ್ತದೆ, ಕ್ರಯಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಪ್ಪನ ಕೈಬರಹ ಎಲ್ಲಿಂದ ತರಲಿ?

ಸುಟ್ಟ ನೋಟುಗಳನ್ನು ಕೈಯಲ್ಲಿ ಉಜ್ಜಿ ಎಣಿಸಬೇಡಿ. ಹೇಗಿದೆಯೋ ಹಾಗೇ ಒಂದು ಡಬ್ಬಿಗೆ ಹಾಕಿಡಿ. ಮುಟ್ಟಿದರೆ ಪುಡಿಯಾಗುವಂಥ ನೋಟನ್ನು ಊರಿನ ಬ್ಯಾಂಕು ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿಗೇ ಹೋಗಬೇಕು.

ಬೆಂಕಿ ಆರಿತು ಅಂತ ನಂಬಬೇಡಿ. ನಮ್ಮ ಸಿಪ್ಪೆ ರಾಶಿ ಮೇಲೆ ಒದ್ದೆ, ಒಳಗೆ ಕೆಂಡ. ಮರುದಿನ ಮತ್ತೆ ಹೊಗೆ ಎದ್ದಿತು. ಹುಲ್ಲಾಗಲಿ, ಸಿಪ್ಪೆಯಾಗಲಿ, ಪೂರ್ತಿ ಕೆದರಿ ಹರಡಿಯೇ ನೀರು ಹಾಕಬೇಕು. ಇನ್ನು ನಮ್ಮ ಹಳೇ ಮನೆಗಳದ್ದು ಮಣ್ಣಿನ ಗೋಡೆ. ನೀರು ಕುಡಿದ ಗೋಡೆ ನಾಲ್ಕು ದಿನ ಬಿಟ್ಟೂ ಕುಸಿಯಬಹುದು. ಮಾಡಿನ ಮರದ ಸುಟ್ಟ ಪಕಾಸಿನ ಮೇಲೆ ಹಂಚಿನ ಭಾರ ಬೇರೆ. ಬಡಗಿ ನೋಡಿ ಹೇಳುವ ತನಕ ಯಾರೂ ಒಳಗೆ ಮಲಗುವುದು ಬೇಡ. ಎಲೆಕ್ಟ್ರಿಷಿಯನ್ ವೈರಿಂಗ್ ನೋಡುವ ತನಕ ಮೇನ್ ಸ್ವಿಚ್ಚೂ ಹಾಕಬಾರದು.

ಉಳಿದ ಗೋಡೆಯ ಮಸಿಯನ್ನು ನೀರು ಹಾಕಿ ತೊಳೆಸಿದ್ದೂ ನಾನೇ. ಮಸಿಯಲ್ಲಿ ಎಣ್ಣೆಯಂಥ ಜಿಡ್ಡು ಇರುತ್ತದೆ. ನೀರು ಬಿದ್ದರೆ ಹರಡಿ ಸುಣ್ಣದೊಳಗೆ ಇಳಿಯುತ್ತದೆ. ಮೊದಲು ಒಣ ಸ್ಪಂಜಿನಲ್ಲಿ ಒತ್ತಿ ತೆಗೆಯಬೇಕು, ಉಜ್ಜಬಾರದು.

ವಿಮೆ ಇದ್ದರೆ ಏನನ್ನೂ ಎಸೆಯುವ ಮೊದಲು ಫೋಟೊ ತೆಗೆಸಿ. ಪೊಲೀಸ್ ದೂರು, ಅಗ್ನಿಶಾಮಕದವರ ವರದಿ, ತಾಲ್ಲೂಕು ಕಚೇರಿಗೆ ಅರ್ಜಿ, ಇವೆಲ್ಲ ಹೇಗೋ ಆಗುತ್ತವೆ.

ಆಗದೇ ಇದ್ದದ್ದು ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ವಿಷಯ. ಕಾವು, ಹೊಗೆ ತಾಗಿದ ಆಹಾರ, ಮಾತ್ರೆ ಯಾವುದನ್ನೂ ಇಟ್ಟುಕೊಳ್ಳಬಾರದು. ಭರಣಿಯ ಮುಚ್ಚಳ ಗಟ್ಟಿಯಾಗಿದೆ ಎಂದು ಅಮ್ಮ ಹಟ ಹಿಡಿದರು. ನಾನು ಫೋನಿನಲ್ಲೇ ರೇಗಿದೆ. ಆಗ ಅಮ್ಮ ಸುಮ್ನೆ ಒಂದು ಮಾತು ಹೇಳಿದರು: "ಮೂರು ದಿನದಿಂದ ಕಾಗದ ಕೇಳಿದೆ, ಗೋಡೆ ಕೇಳಿದೆ. ಅಮ್ಮ ಎಲ್ಲಿ ಮಲಗ್ತಾ ಇದಾಳೆ ಅಂತ ಕೇಳಿದ್ಯಾ?"

ಪಕ್ಕದ ಮನೆಯ ಜಗಲಿಯಲ್ಲಿ ಮಲಗುತ್ತಿದ್ದರು. ಊಟ ಮೂರು ಮನೆಯಿಂದ ಬರುತ್ತಿತ್ತು. ಇಲ್ಲಿ ನನ್ನ ಪಕ್ಕದ ಮನೆಯವರ ಹೆಸರು ನನಗೆ ಆರನೇ ವರ್ಷ ಗೊತ್ತಾಯಿತು. ಮನೆ ಸುಟ್ಟ ಸುದ್ದಿ ಕೇಳಿ ನನ್ನ ಮಗಳು, "ನೀವು ಊರಿಂದ ತಂದ ಕಂಬಳಿ ಮೊದಲಿಂದಲೂ ಹೊಗೆ ವಾಸನೇನೇ ಅಲ್ವಾ?" ಎಂದಳು. ಅದು ಬಚ್ಚಲೊಲೆಯ ಹೊಗೆ, ಇದು ಬೇರೆ ಎಂದು ಅವಳಿಗೆ ಹೇಳಲು ನನಗೆ ಬರಲಿಲ್ಲ.

ನಿಮ್ಮ ಅಡುಗೆಮನೆಗೂ ಒಂದು ಮಾತು. ಒಗ್ಗರಣೆಗೆ ಕೂಗುತ್ತದೆ ಎಂದು ಸ್ಮೋಕ್ ಅಲಾರ್ಮಿನ ಬ್ಯಾಟರಿ ಕಿತ್ತಿಟ್ಟಿದ್ದೀರಿ ತಾನೆ? ನಾನೂ ಕಿತ್ತಿದ್ದೆ. ಈಗ ಹಾಕಿದ್ದೇನೆ. ಬೆಂಕಿ ಬಿದ್ದ ಮರುವರ್ಷದ ಚಳಿಗಾಲದಲ್ಲಿ ಅಮ್ಮ ಬಂದಿದ್ದಾಗ, ಸಾರಿನ ಒಗ್ಗರಣೆಗೆ ಅದು ಕೂಗಿಕೊಂಡಿತು. ನಾವು ನಕ್ಕು ಟವೆಲ್ ಬೀಸುತ್ತಿದ್ದೆವು. ತಿರುಗಿ ನೋಡಿದರೆ ಅಮ್ಮ ಇಲ್ಲ. ಸೌಟು ಹಿಡಿದುಕೊಂಡೇ ಹೊರಗೆ ಹಿಮದಲ್ಲಿ ಬರಿಗಾಲಲ್ಲಿ ನಿಂತಿದ್ದರು. ಮಗಳು ಚಪ್ಪಲಿ ಎತ್ತಿಕೊಂಡು ಓಡಿದಳು.